ಗೋಡೆಗೆ ಏರಿದ ಮುನಿರಾಮಪ್ಪ

ಚಾಮರಾಜಪೇಟೆ, ಬೆಂಗಳೂರು
ಭಾನುವಾರ, 23 ನವೆಂಬರ್ 2025

ಪ್ರೀತಿಯ ತಾತನಿಗೆ,

ನಿಮ್ಮ ಮೊಮ್ಮಗ ಸುಮನ್ ಮಾಡುವ ನಮಸ್ಕಾರಗಳು. ಕಾಲು ಈಗ ಹೇಗಿದೆ? ನೀವು ವಾಕರ್ ಹಿಡಿದುಕೊಂಡು ಹಜಾರದಿಂದ ಅಡುಗೆಮನೆಯವರೆಗೆ ನಡೆದಿರೆಂದು, ಅಲ್ಲಿಗೆ ಹೋದವರೇ ಒಗ್ಗರಣೆ ಸೀದಿದೆ ಎಂದು ತಪ್ಪು ಹುಡುಕಿದಿರೆಂದು ಯಮುನತ್ತೆ ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದರು. ಅದನ್ನು ಕೇಳಿದ ಮೇಲೆ ನೀವು ಹುಷಾರಾಗುತ್ತಿದ್ದೀರಿ ಎಂದು ನಮಗೆಲ್ಲ ಧೈರ್ಯ ಬಂತು. ಡಾಕ್ಟರು ಹೇಳಿದ ವ್ಯಾಯಾಮವನ್ನು ಅತ್ತೆ ಎದುರಿಗಿದ್ದಾಗ ಮಾತ್ರ ಮಾಡುತ್ತೀರಂತೆ. ಹಾಗೆ ಮಾಡಬೇಡಿ. ತುಮಕೂರಿನಲ್ಲಿ ಬೆಳಗಿನ ಚಳಿ ಜಾಸ್ತಿ, ಕಾಲುಚೀಲ ಹಾಕಿಕೊಳ್ಳಿ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಅದು ಪೂರ್ತಿ ನಿಜವಾಗುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ. ನಲವತ್ತು ವರ್ಷ ಪ್ರಿಂಟಿಂಗ್ ಮೆಷಿನ್ ಪಕ್ಕ ನಿಂತ ನಿಮ್ಮ ಕಿವಿಗೆ ಫೋನಿನ ಮಾತು ಅರ್ಧ ಬೀಳುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು ಜವಾಬು ಕೊಡುತ್ತೀರಿ. ಈ ವಿಷಯದಲ್ಲಿ ಊಹೆ ನಡೆಯುವುದಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರಕ್ಕೆ ಬೈಯಬೇಡಿ, ಬೈಯುವುದಕ್ಕೆ ಮುಂದೆ ಬೇಕಾದಷ್ಟಿದೆ.

ಆಗಸ್ಟ್‌ನಲ್ಲಿ ನೀವು ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡ ಮೇಲೆ ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ನಿಮ್ಮ ಮೇಸ್ತ್ರಿ ಕುರ್ಚಿಗೆ ನಿಶಾಂತ್ ಸರ್ ನನ್ನನ್ನು ಕರೆದರಲ್ಲ, ಅದು ನಿಮ್ಮ ಹೆಸರಿಗೆ ಸಿಕ್ಕಿದ ಕೆಲಸ, ನನ್ನ ಯೋಗ್ಯತೆಗಲ್ಲ. ಅದು ನನಗೂ ಗೊತ್ತು, ಪ್ರೆಸ್ಸಿನ ಒಂಬತ್ತು ಜನಕ್ಕೂ ಗೊತ್ತು. ಮೂರು ವರ್ಷದಲ್ಲಿ ಐದು ಕೆಲಸ ಬಿಟ್ಟವನು ನಾನು. ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಕೇಳಿದರೆಂದು ‘ಇದು ಡೂಪ್ಲಿಕೇಟ್ ಚಾರ್ಜರ್’ ಎಂದು ಹೇಳಿ ಮಧ್ಯಾಹ್ನದೊಳಗೆ ಮನೆಗೆ ಬಂದಿದ್ದೆ. ಸುಳ್ಳು ಹೇಳಲು ಬಾರದವನಿಗೆ ಅಂಗಡಿ ಕೆಲಸ ಯಾಕೋ ಎಂದು ನೀವೇ ರೇಗಿದ್ದಿರಿ. ಪ್ರೆಸ್ಸಿನಲ್ಲಿ ಸುಳ್ಳು ಹೇಳುವ ಅವಶ್ಯಕತೆ ಕಡಿಮೆ ಎಂದು ನಾನು ಒಪ್ಪಿಕೊಂಡೆ. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯಿತು, ನಾನು ಹೇಳಿದ ಮಾತನ್ನು ಯಾರೂ ಕೇಳುವುದಿಲ್ಲ. ‘ಹೂಂ ಮಗಾ’ ಎನ್ನುತ್ತಾರೆ, ತಮಗೆ ತೋಚಿದ್ದನ್ನು ಮಾಡುತ್ತಾರೆ.

ನಿಶಾಂತ್ ಸರ್‌ಗೂ ಅದೇ ಕಷ್ಟ. ಅವರ ತಂದೆ ಪುಟ್ಟಯ್ಯನವರು ತೀರಿಕೊಂಡು ಎರಡು ವರ್ಷವಾಯಿತು, ಜನ ಈಗಲೂ ‘ಯಜಮಾನ್ರು ಇದ್ದಿದ್ರೆ’ ಎಂದೇ ಮಾತು ಶುರು ಮಾಡುತ್ತಾರೆ. ಅದಕ್ಕೇ ಅಕ್ಟೋಬರ್ ಮೊದಲಲ್ಲಿ ಶೇಷಾದ್ರಿಪುರಂನಲ್ಲಿ ಸಣ್ಣ ಕಾರ್ಖಾನೆ ನಡೆಸುವವರಿಗೆಂದು ಇಟ್ಟಿದ್ದ ಒಂದು ದಿನದ ತರಗತಿಗೆ ಅವರು ಸೇರಿದರು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಕೆಲಸಗಾರರಲ್ಲಿ ಕೆಲಸದ ಹುರುಪು ಹುಟ್ಟುವುದು ಹೇಗೆ, ಅದಕ್ಕೆ ಮುಂದೆ ನಿಂತು ನಡೆಸುವವರು ಏನು ಮಾಡಬೇಕು ಎಂಬುದೇ ಪಾಠ. ಬಿಸ್ಕತ್ತು ತಿಂದು ಹಿಂದಿನ ಬೆಂಚಿನಲ್ಲಿ ಮಲಗಿಬಿಡೋಣ ಎಂದುಕೊಂಡೇ ಹೋದೆ.

ತಾತ, ನಾನು ಮಲಗಲಿಲ್ಲ. ಯಶಶ್ರೀ ಎಂಬ ಮೇಡಂ ಬೋರ್ಡಿನ ಮೇಲೆ ಐದು ಮೆಟ್ಟಿಲು ಬರೆದರು. ಮನುಷ್ಯನಿಗೆ ಮೊದಲು ಹೊಟ್ಟೆ ತುಂಬಬೇಕು, ಆಮೇಲೆ ನಾಳೆಯ ಹೆದರಿಕೆ ಇರಬಾರದು, ಆಮೇಲೆ ತನ್ನವರು ಎನ್ನುವ ಜನ ಬೇಕು, ಆಮೇಲೆ ಮರ್ಯಾದೆ ಬೇಕು, ಕೊನೆಗೆ ತನ್ನೊಳಗೆ ಇರುವುದನ್ನೆಲ್ಲ ಹೊರಗೆ ತರುವ ಅವಕಾಶ ಬೇಕು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಮನಸ್ಸು ಹೋಗುವುದಿಲ್ಲವಂತೆ. ನಾನು ಕೈ ಎತ್ತಿದೆ. ‘ಮೇಡಂ, ನಮ್ಮ ಪ್ರೆಸ್ಸಲ್ಲಿ ಒಬ್ರು ಕಟಿಂಗ್‌ನವ್ರಿದಾರೆ. ಕಷ್ಟದ ಕೆಲಸ ಬಂದ್ರೆ ಊಟ ಮಾಡೋದೇ ಮರೀತಾರೆ. ಅವ್ರು ಯಾವ ಮೆಟ್ಟಿಲಲ್ಲಿದಾರೆ?’ ಎಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ‘ಒಳ್ಳೇ ಪ್ರಶ್ನೆ. ಈ ಮೆಟ್ಟಿಲು ಮೊದಲು ಹೇಳಿದವರಿಗೂ ಈ ತೊಡಕಿತ್ತು. ಜನ ಮೆಟ್ಟಿಲು ಹಾರ್ತಾರೆ’ ಎಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪ್ರಶ್ನೆಯನ್ನು ಯಾರೂ ಒಳ್ಳೆಯದು ಎಂದಿರಲಿಲ್ಲ. ಅಧಿಕಪ್ರಸಂಗ ಎಂದವರೇ ಹೆಚ್ಚು. ಆ ಎರಡು ಶಬ್ದಕ್ಕೆ ನಾನು ಒಂದು ವಾರ ಅಲಾರಂ ಇಲ್ಲದೆ ಎದ್ದೆ. ಅಮ್ಮನನ್ನು ಕೇಳಿ ನೋಡಿ.

ಇನ್ನೊಂದು ಪಾಠ ನನಗೆ ಚೆನ್ನಾಗಿ ತಲೆಗೆ ಹೋಯಿತು. ಕೆಲವು ಸಂಗತಿಗಳು ಇಲ್ಲದಿದ್ದರೆ ಕೆಲಸಗಾರನಿಗೆ ಸಿಟ್ಟು ಬರುತ್ತದೆ, ಆದರೆ ಇದ್ದರೆ ಅವನಿಗೇನೂ ಹುರುಪು ಬರುವುದಿಲ್ಲ. ಹುರುಪು ತರುವ ಸಂಗತಿಗಳೇ ಬೇರೆ. ಮಾರನೇ ದಿನ ಬೈಂಡಿಂಗ್ ಸಾಲಿನ ಅಲಮೇಲು ಅಕ್ಕನನ್ನು ‘ನಿಮಗೆ ಇಲ್ಲಿ ಏನು ಬೇಕು ಅಕ್ಕಾ?’ ಎಂದು ಕೇಳಿದೆ. ‘ಹೆಂಗಸರ ಟಾಯ್ಲೆಟ್ಟಿಗೆ ಒಂದು ಚಿಲಕ ಬೇಕು ಕಣಪ್ಪಾ. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಬಾಗಿಲು ಹಿಡ್ಕೊಂಡು ನಿಲ್ಬೇಕು. ಅದನ್ನೂ ಕೆಲಸ ಅಂತ ಬರ್ಕೊಳಿ’ ಎಂದರು. ನಾನೇ ಹೋಗಿ ಚಿಲಕ ತಂದು ಹಾಕಿದೆ. ಯಾರೂ ಕುಣಿಯಲಿಲ್ಲ, ಒಂದು ಕ್ಯಾಲೆಂಡರೂ ಹೆಚ್ಚಿಗೆ ಆಗಲಿಲ್ಲ, ಆದರೆ ದಿನವೂ ಕೇಳಿಬರುತ್ತಿದ್ದ ಗೊಣಗಾಟ ನಿಂತಿತು. ಮೇಡಂ ಹೇಳಿದ್ದು ಅಕ್ಷರಶಃ ನಿಜ. ಇದನ್ನೂ ಬರೆದುಬಿಡುತ್ತೇನೆ. ನಿಮ್ಮ ಕಾಲದಲ್ಲಿ ಆ ಬಾಗಿಲಿಗೆ ಚಿಲಕ ಇರಲಿಲ್ಲ ತಾತ. ಯಾರೂ ಹೇಳಲಿಲ್ಲವೋ, ಹೇಳಿದ್ದು ಆ ಮೆಷಿನ್ ಸದ್ದಿನಲ್ಲಿ ನಿಮಗೆ ಕೇಳಿಸಲಿಲ್ಲವೋ.

ಹಾಗೆಯೇ, ಯಜಮಾನರಲ್ಲಿ ಎರಡು ಬಗೆಯಂತೆ. ಒಬ್ಬನಿಗೆ ಜನ ಸೋಮಾರಿಗಳು, ಕಾಯದಿದ್ದರೆ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ. ಇನ್ನೊಬ್ಬನಿಗೆ ಜನರಿಗೆ ಕೆಲಸ ಇಷ್ಟ, ಅಡ್ಡ ಬರದಿದ್ದರೆ ತಾವೇ ಮಾಡುತ್ತಾರೆ ಎಂಬ ನಂಬಿಕೆ. ನಿಮಗೆ ತಿಳಿದವರಲ್ಲಿ ಮೊದಲನೇ ಬಗೆಯವರ ಒಂದು ಹೆಸರು ಬರೆಯಿರಿ ಎಂದು ಮೇಡಂ ಹೇಳಿದಾಗ ನಾನು ನಿಮ್ಮ ಹೆಸರು ಬರೆದೆ. ಶ್ರೀನಿವಾಸಯ್ಯ, ಮೇಸ್ತ್ರಿ ಎಂದು. ಅದನ್ನು ನಿಮಗೆ ಹೇಳದೆ ಇರಬಹುದಿತ್ತು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಕೆಲಸವನ್ನು ನಾಲ್ಕು ಜನರ ಎದುರಿಗೆ ಗುರುತಿಸಬೇಕು ಎಂದು ತರಗತಿಯಲ್ಲಿ ಹೇಳಿದ್ದು ನಿಶಾಂತ್ ಸರ್‌ಗೆ ಬಹಳ ಹಿಡಿಸಿತು. ತಿಂಗಳಿಗೊಬ್ಬರನ್ನು ಆರಿಸಿ ಅವರ ಫೋಟೋ ಆಫೀಸಿನ ಗೋಡೆಗೆ ಹಾಕೋಣ ಎಂದರು. ಅಕ್ಟೋಬರ್ ತಿಂಗಳಿಗೆ ಯಾರು ಎಂದು ಆರಿಸುವ ಕೆಲಸ ನನಗೆ ಕೊಟ್ಟರು. ನಾನು ಕಟಿಂಗ್ ಮೆಷಿನ್ನಿನ ಮುನಿರಾಮಪ್ಪಣ್ಣನನ್ನು ಆರಿಸಿದೆ. ಅದೇನೂ ತಪ್ಪಲ್ಲ, ನೀವಾಗಿದ್ದರೂ ಅವರನ್ನೇ ಆರಿಸುತ್ತಿದ್ದಿರಿ. ಫೋನಿನಲ್ಲಿ ಅವರದೊಂದು ಫೋಟೋ ತೆಗೆದು ಫ್ರೇಮ್ ಅಂಗಡಿಗೆ ಕೊಟ್ಟೆ. ಅಂಗಡಿಯವನು ‘ತಾರೀಕು ಹಾಕ್ಬೇಕಾ?’ ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ. ಅವನು ಯಾಕೆ ಅಷ್ಟು ಮೆಲ್ಲಗೆ ಕೇಳಿದ ಎಂದು ನನಗೆ ಆಗ ಹೊಳೆಯಲಿಲ್ಲ. ಚಿನ್ನದ ಬಣ್ಣದ ಅಂಚು, ಒಳಗೆ ನೀಲಿ ಹಿನ್ನೆಲೆಯಲ್ಲಿ ಮುನಿರಾಮಪ್ಪಣ್ಣನ ಮುಖ, ಕೆಳಗೆ ನಾನೇ ಬರೆದುಕೊಟ್ಟ ಸಾಲು: ‘ಮುನಿರಾಮಪ್ಪ. ಒಂದು ದಿನವೂ ತಡವಾಗಿ ಬಂದವರಲ್ಲ.’ ನವೆಂಬರ್ ಹನ್ನೊಂದರ ಸಂಜೆ ಎಲ್ಲರೂ ಹೋದ ಮೇಲೆ ನಾನೂ ಸರ್ ಸೇರಿ ಅದನ್ನು ತೂಗುಹಾಕಿದೆವು. ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಕರೆದು ಚಪ್ಪಾಳೆ ಹೊಡೆಸೋಣ, ಅಲ್ಲಿವರೆಗೆ ಗುಟ್ಟಾಗಿರಲಿ ಎಂದರು ಸರ್. ಗೋಡೆಯಲ್ಲಿ ಒಂದೇ ಮೊಳೆ ಖಾಲಿ ಇತ್ತು. ಪುಟ್ಟಯ್ಯನವರ ಫೋಟೋ ಪಕ್ಕದ್ದು.

ನೀವು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತೀರಿ. ನಮಗೆ ಹೊಳೆಯಲಿಲ್ಲ ತಾತ.

ಬೆಳಿಗ್ಗೆ ಏಳೂವರೆಗೆ ಅಂಜಿನಮ್ಮ ಕಸ ಗುಡಿಸಲು ಬಂದಳು. ಅವಳ ಪದ್ಧತಿ ನಿಮಗೆ ಗೊತ್ತು, ಗುಡಿಸಿ ಸಾರಿಸಿ, ಮಾರ್ಕೆಟ್ಟಿನಿಂದ ತಂದ ಹೂವನ್ನು ಗಣಪತಿಗೆ ಇಟ್ಟು, ಪುಟ್ಟಯ್ಯನವರ ಫೋಟೋಕ್ಕೆ ಮುಡಿಸಿ, ಊದುಬತ್ತಿ ಹಚ್ಚುವುದು. ತಲೆ ಎತ್ತಿ ನೋಡಿದರೆ ಯಜಮಾನರ ಪಕ್ಕದಲ್ಲಿ ಮುನಿರಾಮಪ್ಪಣ್ಣ. ಅವಳಿಗೆ ಓದಲು ಬರುವುದಿಲ್ಲ. ಪೊರಕೆ ಕೈಬಿಟ್ಟು ಕೂತು ಅತ್ತಳಂತೆ. ಆಮೇಲೆ ಎದ್ದು ಪುನಃ ಹೂವಿನ ಅಂಗಡಿಗೆ ಹೋಗಿ, ತನ್ನ ಸ್ವಂತ ದುಡ್ಡಿನಲ್ಲಿ ಒಂದು ಸುಗಂಧರಾಜದ ಹಾರ ತಂದು ಹಾಕಿ, ಹಣೆಗೆ ಕುಂಕುಮ ಇಟ್ಟು, ಬೇರೆ ಊದುಬತ್ತಿ ಹಚ್ಚಿದಳು. ಎಂಟೂವರೆಗೆ ಬಂದ ಅಲಮೇಲು ಅಕ್ಕ ಇದನ್ನು ನೋಡಿ ಎದೆ ಹಿಡಿದುಕೊಂಡು, ಮುನಿರಾಮಪ್ಪಣ್ಣನ ಹೆಂಡತಿ ಸುಬ್ಬಮ್ಮಕ್ಕನಿಗೆ ಫೋನ್ ಹಚ್ಚಿದರು. ಆ ಮಾತುಕತೆಯನ್ನು ಈಗ ಇಡೀ ಪ್ರೆಸ್ಸು ಬಾಯಿಪಾಠ ಮಾಡಿದೆ.

‘ಅಕ್ಕಾ, ಅಣ್ಣ ಯಾವಾಗ ಹೋದ್ರು?’

‘ಈಗ ತಾನೇ ಹೋದ್ರು ಕಣಮ್ಮ, ಅರ್ಧ ಗಂಟೆ ಆಗಿರ್ಬೋದು.’

‘ಅಯ್ಯೋ! ಹೋಗೋವಾಗ ಏನಾದ್ರೂ ಹೇಳಿದ್ರಾ?’

‘ಸಾರಿಗೆ ಉಪ್ಪು ಕಮ್ಮಿ ಅಂತ ಬೈದ್ರು. ಇನ್ನೇನ್ ಹೇಳ್ತಾರೆ?’

‘ಊಟನಾದ್ರೂ ಮಾಡಿದ್ರಾ ಅಕ್ಕಾ?’

‘ಇಲ್ಲ, ಕಟ್ಕೊಂಡ್ ಹೋದ್ರು.’

ಇಲ್ಲಿಗೆ ಅಲಮೇಲು ಅಕ್ಕನಿಗೆ ಅಳು ತಡೆಯಲಾಗಲಿಲ್ಲ. ‘ಹೋಗೋವಾಗ ಏನ್ ಕಟ್ಕೊಂಡ್ ಹೋಗಕ್ಕಾಗತ್ತೆ ಅಕ್ಕಾ, ಧೈರ್ಯ ತಗೊಳಿ, ನಾವೆಲ್ಲ ಇದೀವಿ’ ಎಂದು ಗೊಳೋ ಎಂದರಂತೆ. ಅರ್ಧ ಗಂಟೆ ಹಿಂದೆ ತೀರಿಕೊಂಡವರ ಫೋಟೋ ಅಷ್ಟರೊಳಗೆ ಫ್ರೇಮ್ ಆಗಿ ಗೋಡೆಗೆ ಏರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಸುಬ್ಬಮ್ಮಕ್ಕನಿಗೆ ಗಂಡ ಮೆಷಿನ್ನಿಗೆ ಸಿಕ್ಕಿಬಿಟ್ಟ ಎಂದು ಅರ್ಥವಾಗಿ, ಉಟ್ಟ ಸೀರೆಯಲ್ಲೇ ಆಟೋ ಹತ್ತಿದರು.

ಎಂಟು ಐವತ್ತೈದಕ್ಕೆ ಸರಿಯಾಗಿ, ಮೂವತ್ತೊಂದು ವರ್ಷ ಬಂದ ಹಾಗೆ, ಮುನಿರಾಮಪ್ಪಣ್ಣ ಊಟದ ಚೀಲ ಹಿಡಿದುಕೊಂಡು ಒಳಗೆ ಬಂದರು. ಅಂಜಿನಮ್ಮ ಚೀರಿದಳು. ಅವರು ಅವಳನ್ನು ನೋಡಲಿಲ್ಲ, ಹೊಗೆಯ ಹಿಂದೆ ತಮ್ಮ ಮುಖವನ್ನೇ ನೋಡಿದರು. ಹತ್ತಿರ ಹೋಗಿ ಕೆಳಗಿನ ಸಾಲನ್ನು ಓದಿದರು. ಅಷ್ಟರಲ್ಲಿ ಬಂದ ಬೈಂಡಿಂಗ್‌ನ ಕೋಕಿಲಾ ಕೂಡ ಓದಿ, ‘ಬಂದವರಲ್ಲ, ಹೋದವರಲ್ಲ ಅಂತ ಬರೆದ್ರೆ ಯಾರಿಗಾದ್ರೂ ಹಂಗೇ ಅನ್ಸತ್ತೆ’ ಎಂದಳು. ನಾನು ಬಂದಾಗ ಒಂಬತ್ತು ಇಪ್ಪತ್ತು. ಬಾಗಿಲಲ್ಲಿ ಆಟೋ ನಿಂತಿತ್ತು. ಸುಬ್ಬಮ್ಮಕ್ಕ ಗಂಡನ ತೋಳು, ಎದೆ, ಕೆನ್ನೆ ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ‘ಇದನ್ನ ಯಾರೋ ತೂಗಾಕಿದ್ದು?’ ಎಂದು ಕೇಳಿದರು. ‘ನಾನೇ ಅಕ್ಕಾ’ ಎಂದೆ. ‘ನನ್ನ ಕುಂಕುಮ ನಿನಗೇನೋ ಮಾಡಿತ್ತು?’ ಎಂದರು. ಅದೇ ಆಟೋದಲ್ಲಿ ಗಂಡನನ್ನು ಕೂರಿಸಿಕೊಂಡು ಹೋದರು. ಅವತ್ತು ಹೋದ ಮುನಿರಾಮಪ್ಪಣ್ಣ ಇವತ್ತಿಗೂ ಕೆಲಸಕ್ಕೆ ಬಂದಿಲ್ಲ.

ನಿಶಾಂತ್ ಸರ್ ಎರಡು ಸಲ ಫೋನ್ ಮಾಡಿದರು, ಮಿಠಾಯಿ ಪೆಟ್ಟಿಗೆ ಕಳಿಸಿದರು, ಕ್ಷಮಾಪಣೆ ಕೇಳಿದರು. ಸತ್ತರೆಂದು ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಜಾಸ್ತಿಯಾಗುತ್ತದೆ ಎಂದು ಅಂಜಿನಮ್ಮ ತಾನೇ ಹೋಗಿ ಹೇಳಿ ಬಂದಳು. ಅಪಶಕುನಕ್ಕೆ ಹೆದರಿ ಕೂತಿದ್ದಾರೆ, ನಾಲ್ಕು ದಿನಕ್ಕೆ ಬರುತ್ತಾರೆ ಎಂದು ನಾವೆಲ್ಲ ಕಾದೆವು. ಆದರೆ ನವೆಂಬರ್‌ನಲ್ಲಿ ಕ್ಯಾಲೆಂಡರ್ ಪ್ರೆಸ್ಸಿನ ಗತಿ ನಿಮಗೆ ಹೇಳಬೇಕೇ? ಪ್ರಿಂಟಾದ ಕಾಗದ ಸೂರಿನವರೆಗೂ ರಾಶಿ ಬಿದ್ದಿತ್ತು. ನಾನೇ ಕಟಿಂಗ್ ಮೆಷಿನ್ನಿಗೆ ನಿಂತೆ. ತರಗುಪೇಟೆಯ ಬೇಳೆ ಮಂಡಿಯವರ ಕ್ಯಾಲೆಂಡರ್, ಡಿಸೆಂಬರ್ ಹಾಳೆ, ಐನೂರರ ಒಂದು ಕಟ್ಟು. ಬ್ಲೇಡು ಇಳಿಯಿತು. ಎತ್ತಿ ನೋಡಿದರೆ ಕೆಳಗಿನ ಸಾಲೇ ಇಲ್ಲ. ಬರುವ ವರ್ಷದ ಡಿಸೆಂಬರ್‌ನಲ್ಲಿ ಶನಿವಾರಗಳೇ ಇಲ್ಲ ತಾತ. ‘ಒಳ್ಳೇದಾಯ್ತು ಬಿಡು ಗುರು, ಮಂಡಿಯವ್ರಿಗೆ ಶನಿ ಕಾಟ ತಪ್ತು’ ಎಂದಳು ಕೋಕಿಲಾ. ಎಲ್ಲರೂ ನಕ್ಕರು, ನಾನೂ ನಕ್ಕೆ. ಐನೂರು ಹಾಳೆ ಮತ್ತೆ ಪ್ರಿಂಟು ಹಾಕಬೇಕಾಯಿತು. ಶುಕ್ರವಾರ ಸರ್ ನನ್ನನ್ನು ಒಳಗೆ ಕರೆದು, ‘ಸುಮನ್, ಡಿಸೆಂಬರ್ ಒಂದನೇ ತಾರೀಕು ಸೋಮವಾರ ಬೇರೆ ಕಟಿಂಗ್‌ನವ್ರು ಬರ್ತಾರೆ. ನಂಗೂ ಇಷ್ಟ ಇಲ್ಲ ಕಣಯ್ಯ. ಆದ್ರೆ ಜನವರಿ ದಾಟಿದ್ ಮೇಲೆ ಕ್ಯಾಲೆಂಡರ್ ಯಾರಿಗೆ ಬೇಕು?’ ಎಂದರು. ಬಂದವರನ್ನು ಆಮೇಲೆ ಕಳಿಸಲಾಗುವುದಿಲ್ಲ. ಎರಡು ಜನರಿಗೆ ಅಲ್ಲಿ ಕೆಲಸವೂ ಇಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಕಣ್ಣೂ ಕೆಂಪಗಿತ್ತು.

ಇವತ್ತು ಬೆಳಿಗ್ಗೆ ಗವಿಪುರ ಗುಟ್ಟಹಳ್ಳಿಗೆ ಹೋದೆ. ಬಾಗಿಲು ತೆರೆದ ಸುಬ್ಬಮ್ಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಸತ್ತೋರ ಮನೆಗೆ ಬಂದವ್ರಿಗೆ ಕಾಫಿ ಕೊಡೋ ಪದ್ಧತಿ ಇಲ್ಲ. ಆದ್ರೂ ಕೂತ್ಕೋ’ ಎಂದರು. ಮುನಿರಾಮಪ್ಪಣ್ಣ ನೆಲದ ಮೇಲೆ ಕೂತು, ಅಡುಗೆಮನೆ ಕಪಾಟಿಗೆ ಹಾಸಲು ಹಳೆ ಪೇಪರು ಕತ್ತರಿಸುತ್ತಿದ್ದರು. ಗೆರೆ ಎಳೆದಿರಲಿಲ್ಲ, ಚಾಕು ಒಂದೇ, ಆದರೂ ಒಂದರ ಮೇಲೊಂದು ಇಟ್ಟರೆ ಅಂಚು ಕೂದಲಷ್ಟೂ ಆಚೀಚೆ ಇರಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು.

‘ಹಾರಕ್ಕೆ ಹೆದರ್ಕೊಂಡು ನಾನು ಮನೇಲಿ ಕೂತಿದೀನಿ ಅಂದ್ಕೊಂಡ್ಯಾ? ಅಂಜಿನಮ್ಮ ತನ್ನ ದುಡ್ಡಲ್ಲಿ ಹಾರ ತಂದ್ಲಂತೆ, ಕೂತು ಅತ್ಲಂತೆ. ಇದ್ದಾಗ್ಲೇ ಅದನ್ನ ನೋಡೋ ಪುಣ್ಯ ಯಾರಿಗಿದೆ? ಅದಲ್ಲ ಕಣೋ. ಕೆಳಗಡೆ ಆ ಸಾಲು ಬರೆದಿದ್ದು ಯಾರು?’

‘ನಾನೇ ಅಣ್ಣ.’

‘ಮೂವತ್ತೊಂದು ವರ್ಷ. ಎಷ್ಟು ಲಕ್ಷ ಹಾಳೆ ಈ ಕೈಯಲ್ಲಿ ಹೋಗಿದೆ. ನೀನು ಏನ್ ಬರೆದೆ? ಟೈಮಿಗೆ ಬರ್ತಾನೆ ಅಂತ. ನಮ್ಮ ಬೀದಿಗೆ ಹಾಲಿನ ಗಾಡಿನೂ ಟೈಮಿಗೇ ಬರತ್ತೆ. ಹೋಗು, ಅದರ ಫೋಟೋನೂ ತೂಗಾಕು.’

ಏನಾದರೂ ಒಂದು ಸಮಾಧಾನದ ಮಾತು ಹೇಳಬಹುದಿತ್ತು. ಬರಲಿಲ್ಲ. ‘ಅಣ್ಣಾ, ನಿಮ್ಮ ಕೆಲಸ ಏನು ಅಂತ ನಂಗೆ ಗೊತ್ತಿರ್ಲಿಲ್ಲ. ನಿಮ್ಮ ಬಗ್ಗೆ ಬರೆಯಕ್ಕೆ ಕೂತಾಗ ಹಾಜರಿ ಪುಸ್ತಕ ಒಂದೇ ಕೈಗೆ ಸಿಕ್ತು. ನಾನು ದಿನಾ ಲೇಟು, ಅದಕ್ಕೇ ಟೈಮಿಗೆ ಬರೋದೇ ದೊಡ್ಡದಾಗಿ ಕಾಣಿಸ್ತು’ ಎಂದೆ. ಅವರು ನಕ್ಕುಬಿಟ್ಟರು. ‘ಹಂಗಾದ್ರೆ ಸುಳ್ಳೇನೂ ಬರೀಲಿಲ್ಲ ಬಿಡು’ ಎಂದರು. ಒಳಗಿನಿಂದ ಕಾಫಿ ಬಂತು. ಶನಿವಾರಗಳ ಕಥೆ ಅವರಿಗೆ ಆಗಲೇ ತಲುಪಿತ್ತು. ‘ಒಂದೇ ಸಲ ಐನೂರು ಇಟ್ಯಾ? ಬ್ಲೇಡ್ ಒತ್ತಿದಾಗ ಕಟ್ಟು ಒಳಗೇ ಜಾರತ್ತೆ ಕಣೋ. ಮೇಲಿನ ಹಾಳೆ ಸರೀಗಿರತ್ತೆ, ಕೆಳಗಿಂದು ದಾರಿ ತಪ್ಪಿರತ್ತೆ’ ಎಂದು, ಆ ಹಳೆ ಪೇಪರಿನ ಕಟ್ಟನ್ನೇ ನನ್ನ ಹೆಬ್ಬೆರಳ ಕೆಳಗೆ ಇಟ್ಟು, ಗಾಳಿ ಎಲ್ಲಿ ಕೂತಿದೆ, ಎಲ್ಲಿ ಹಾಳೆ ಹಾಳೆಗೆ ಅಂಟಿದೆ ಎಂದು ಮುಟ್ಟಿಸಿ ತೋರಿಸಿ, ಮುಕ್ಕಾಲು ಗಂಟೆ ಪಾಠ ಮಾಡಿದರು. ಚಳಿಯ ದಿನ ಒಂದು ರೀತಿ, ಮಳೆಯ ದಿನ ಇನ್ನೊಂದು ರೀತಿ ಒತ್ತಬೇಕಂತೆ. ಇಷ್ಟು ದಿನ ಅವರ ಪಕ್ಕದಲ್ಲೇ ಓಡಾಡಿಕೊಂಡಿದ್ದೆ, ನನಗೆ ಬ್ಲೇಡಿನ ಸದ್ದು ಬಿಟ್ಟು ಏನೂ ಗೊತ್ತಿರಲಿಲ್ಲ. ಆ ಸಾಲಿನಲ್ಲಿ ಏನು ಬರೆಯಬೇಕಿತ್ತು ಎಂದು ಅಲ್ಲಿ ಕೂತಾಗ ತಿಳಿಯಿತು. ಒಳ್ಳೆಯ ಕೆಲಸವನ್ನು ಗುರುತಿಸಿ ಎಂದು ಯಶಶ್ರೀ ಮೇಡಂ ಹೇಳಿದ್ದು ಸರಿಯೇ. ಕೆಲಸವನ್ನೇ ನೋಡದೆ ಗುರುತಿಸಲು ಹೊರಟವನು ನಾನು.

‘ಒಂದನೇ ತಾರೀಕಿನೊಳಗೆ ಬನ್ನಿ ಅಣ್ಣ, ಇಲ್ಲದಿದ್ರೆ ಬೇರೆಯವ್ರು ಬರ್ತಾರೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಬರ್ಲಿ ಬಿಡು’ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ದಣಿದ ದನಿಯಲ್ಲಿ ಹೇಳಿದರು. ‘ಬಂದು ಏನ್ ಮಾಡ್ಲಿ? ಮಾಡಿದ್ದು ಸರಿ ಇದ್ಯೋ ಇಲ್ವೋ ಅಂತ ನೋಡೋರು ಯಾರಿದಾರೆ ಅಲ್ಲಿ? ನಿನ್ನ ತಾತ ಇದ್ರು. ಬೈತಿದ್ರು, ಆದ್ರೆ ನೋಡ್ತಿದ್ರು.’ ಸುಬ್ಬಮ್ಮಕ್ಕ ಲೋಟ ತೆಗೆದುಕೊಳ್ಳುತ್ತಾ, ‘ಹನ್ನೊಂದು ದಿನದಿಂದ ಮನೇಲಿರೋ ಪೇಪರೆಲ್ಲ ಕತ್ರಿಸಿ ಆಯ್ತು. ಇನ್ನು ನನ್ನ ಸೀರೆಗೆ ಕೈ ಹಾಕ್ತಾರೆ, ಕರ್ಕೊಂಡ್ ಹೋಗು ಮಾರಾಯ’ ಎಂದರು. ನಗುತ್ತಲೇ ಹೇಳಿದರು, ಆದರೆ ಸೆರಗಿನಿಂದ ಮೂಗು ಒರೆಸಿಕೊಂಡರು.

ನಾನು ಹೊರಟು ಬಂದೆ. ಮೊದಲನೇ ಬಗೆಯ ಯಜಮಾನ ಎಂದು ನಿಮ್ಮ ಹೆಸರು ಬರೆದದ್ದನ್ನು ಹೊಡೆದುಹಾಕಿದ್ದೇನೆ. ಎರಡನೆಯದರಲ್ಲಿ ಬರೆಯಲು ಇನ್ನೂ ಮನಸ್ಸು ಬಂದಿಲ್ಲ. ಚಿಲಕದ ವಿಷಯ ಇದೆಯಲ್ಲ.

ಯಮುನತ್ತೆಗೆ ನಮಸ್ಕಾರ ಹೇಳಿ, ಮಾವನಿಗೂ. ಅಮ್ಮ ಹುರಿಗಾಳಿನ ಪುಡಿ ಕಳಿಸುತ್ತಾಳಂತೆ, ಅದನ್ನು ಅತ್ತೆ ಮಾಡಿದ್ದಕ್ಕಿಂತ ಚೆನ್ನಾಗಿದೆ ಎಂದು ಅಲ್ಲಿ ಹೇಳಬೇಡಿ. ಕಾಲು ಊರುವಾಗ ಜೋಪಾನ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ ಎಂದು ಬರೆಯುವುದು ವಾಡಿಕೆ. ಬೈಗುಳ ಕಳಿಸಿದರೂ ಅದನ್ನೇ ಆಶೀರ್ವಾದ ಎಂದುಕೊಳ್ಳುತ್ತೇನೆ.

ನಿಮ್ಮ ಮೊಮ್ಮಗ,
ಸುಮನ್

ಮತ್ತೆ ಬರೆದದ್ದು: ಅಂಚೆ ಡಬ್ಬಿಯವರೆಗೂ ಹೋಗಿ ವಾಪಸ್ ಬಂದೆ ತಾತ. ಅಸಲು ವಿಷಯ ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ಹೊರಡುವಾಗ ಮುನಿರಾಮಪ್ಪಣ್ಣ ಬೀದಿ ಬಾಗಿಲ ತನಕ ಬಂದು ಒಂದು ಮಾತು ಹೇಳಿದರು. ಅವರು ಸೇರಿದ ದಿನದಿಂದ ಇಪ್ಪತ್ತನಾಲ್ಕು ವರ್ಷ, ಪ್ರತಿ ಕಟ್ಟಿನಿಂದ ಒಂದು ಹಾಳೆ ಎಳೆದು ನೀವು ಜೇಬಿನ ಸ್ಕೇಲು ಇಟ್ಟು ಅಳೆಯುತ್ತಿದ್ದಿರಂತೆ. ತಪ್ಪಿದ್ದರೆ ಬೈಗುಳ, ಸರಿ ಇದ್ದರೆ ಮಾತಿಲ್ಲ. ಏಳು ವರ್ಷದ ಹಿಂದೆ ಆಯುಧಪೂಜೆಯ ಮಾರನೇ ದಿನ ನೀವು ಬಂದಿರಿ, ಹಾಳೆ ಎತ್ತಿ ನೋಡಿದಿರಿ, ಸ್ಕೇಲು ತೆಗೆಯಲೇ ಇಲ್ಲ, ಹಾಗೇ ಮುಂದೆ ಹೋದಿರಿ. ಅವತ್ತು ಅಣ್ಣ ಮನೆಗೆ ಹೋಗಿ ಪಾಯಸ ಮಾಡಿಸಿ ಕುಡಿದರಂತೆ, ಯಾಕೆ ಎಂದು ಸುಬ್ಬಮ್ಮಕ್ಕನಿಗೂ ಹೇಳಲಿಲ್ಲವಂತೆ. ವಾರ ಕಳೆದ ಮೇಲೆ ನೀವು ಕನ್ನಡಕ ಮಾಡಿಸಿಕೊಂಡಿರಿ. ಮೇಸ್ತ್ರಿಗೆ ಸ್ಕೇಲಿನ ಗೆರೆ ಕಾಣುತ್ತಿರಲಿಲ್ಲ ಎಂದು ಪ್ರೆಸ್ಸಿನಲ್ಲಿ ಯಾರೋ ಅಂದರಂತೆ. ಅಲ್ಲಿಂದ ಇಲ್ಲಿಯವರೆಗೆ ಅವರ ತಲೆಯಲ್ಲಿ ಒಂದೇ ಪ್ರಶ್ನೆ: ನಂಬಿಕೆ ಬಂದು ಬಿಟ್ಟರೋ, ಕಣ್ಣು ಕಾಣದೆ ಬಿಟ್ಟರೋ. ‘ಕೇಳ್ಬೋದಿತ್ತಲ್ಲ ಅಣ್ಣ’ ಎಂದೆ. ‘ಕಣ್ಣು ಕಾಣ್ಲಿಲ್ಲ ಕಣೋ ಅಂದ್ಬಿಟ್ರೆ?’ ಎಂದರು. ನೀನೂ ಕೇಳಬೇಡ ಎಂದರು. ಕೇಳಿಯೇ ಕೇಳುತ್ತೇನೆ ಎಂದು ಮುಖಕ್ಕೇ ಹೇಳಿ ಬಂದಿದ್ದೇನೆ. ಅವರ ವಿಳಾಸ ಬರೆದ ಒಂದು ಕಾರ್ಡು ಒಳಗಿಟ್ಟಿದ್ದೇನೆ. ನನಗೆ ಬರೆಯಬೇಡಿ, ಅವರಿಗೇ ಬರೆಯಿರಿ, ಶನಿವಾರದೊಳಗೆ ಸೇರುವ ಹಾಗೆ. ಕಣ್ಣು ಕಾಣದೆ ಬಿಟ್ಟಿದ್ದರೆ ಹಾಗೆಯೇ ಬರೆಯಿರಿ, ಅವರ ಮನಸ್ಸಿಗೆಂದು ಸುಳ್ಳು ಸೇರಿಸಬೇಡಿ. ಆದರೆ ತಾತ, ಕನ್ನಡಕ ಬಂದ ಮೇಲೂ ಏಳು ವರ್ಷ ನೀವು ಆ ಸ್ಕೇಲನ್ನು ಮತ್ತೆ ಜೇಬಿನಿಂದ ತೆಗೆಯಲಿಲ್ಲ. ಅದು ಯಾಕೆ ಎಂಬುದನ್ನೂ ಅದೇ ಕಾರ್ಡಿನಲ್ಲಿ ಬರೆಯಿರಿ.